ಮೆದುಳಿನ ಲಯಗಳು

ಅಸಂಖ್ಯ ನರಕೋಶಗಳ ವಿದ್ಯುತ್ ಚಟುವಟಿಕೆ ಒಟ್ಟೊಟ್ಟಿಗೆ ಏರಿಳಿದಾಗ ಮೂಡುವ ಅಲೆಗಳು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಇವನ್ನು ಮನುಷ್ಯರಲ್ಲಿ ದಾಖಲಿಸಿ, 1929ರಲ್ಲಿ ಪ್ರಕಟಿಸಿದ. ಆ ವಿಧಾನವೇ ಇಇಜಿ. ಆದರೆ ನೆತ್ತಿಗೆ ಅಂಟಿಸಿದ ವಿದ್ಯುದ್ವಾರಕ್ಕೆ ಸಿಗುವುದು ಬಹುಪಾಲು ಮೇಲ್ಪದರವಾದ ಕಾರ್ಟೆಕ್ಸಿನ ಸಂಕೇತ. ಥಲಾಮಸ್, ಹಿಪೊಕ್ಯಾಂಪಸ್ ಮುಂತಾದ ಆಳದ ಭಾಗಗಳದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಕ್ಷೀಣಿಸಿರುತ್ತದೆ. ಹಾಗಾಗಿ ಆಳಕ್ಕೂ ಮೇಲ್ಪದರಕ್ಕೂ ಇರುವ ಹೊಂದಾಣಿಕೆಯ ತಿಳಿವಳಿಕೆ ಹೆಚ್ಚಾಗಿ ಬಂದಿರುವುದು ಪ್ರಾಣಿಗಳಿಂದ, ಮತ್ತು ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುನ್ನ ಮೆದುಳೊಳಗೆ ವಿದ್ಯುದ್ವಾರ ಇಳಿಸಿಕೊಂಡ ರೋಗಿಗಳಿಂದ.

ಹೊಂದಾಣಿಕೆ ಎದ್ದು ಕಾಣುವುದು ಗಾಢನಿದ್ರೆಯಲ್ಲಿ. ಕಾರ್ಟೆಕ್ಸಿನಲ್ಲಿ ಸೆಕೆಂಡಿಗೆ ಒಂದಕ್ಕೂ ಕಡಿಮೆ ಆವರ್ತನದ ನಿಧಾನ ಅಲೆ ಏಳುತ್ತದೆ. ಅದರ ಏರಿನ ಹೊತ್ತಿಗೆ ಥಲಾಮಸ್ಸಿನಿಂದ ಸುಮಾರು 12ರಿಂದ 15 ಹರ್ಟ್ಸ್‌ನ 'ಸ್ಪಿಂಡಲ್' ಹೊಮ್ಮುತ್ತದೆ. ಸ್ಪಿಂಡಲಿನ ತಗ್ಗುಗಳಲ್ಲಿ ಹಿಪೊಕ್ಯಾಂಪಸ್ಸಿನ ಅತಿವೇಗದ 'ರಿಪಲ್'ಗಳು ಕೂರುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕರಡಿ ಮಜಲು ಎಂಬ ವಾದ್ಯಮೇಳ ಕೇಳಿದವರಿಗೆ ದೊಡ್ಡ ಗತ್ತಿನೊಳಗೆ ಸಣ್ಣ ಪೆಟ್ಟುಗಳು ಹೊಂದಿ ಕೂರುವ ಈ ಬಗೆ ಹೊಸದಲ್ಲ. ಮೆದುಳಿನ ಮೇಳದಲ್ಲಿ ಮಾತ್ರ ಸದಾಕಾಲದ ಮುಂದಾಳು ಇಲ್ಲ. ಹಗಲಿನ ಅನುಭವ ಹಿಪೊಕ್ಯಾಂಪಸ್ಸಿನಿಂದ ಕಾರ್ಟೆಕ್ಸಿಗೆ ದಾಟಿ ನೆಲೆಯಾಗುವುದು ಈ ಹೊಂದಿಕೆಯಿಂದ ಎಂಬುದು ಪ್ರಬಲ ಅಭಿಪ್ರಾಯ. ನಿದ್ದೆಯಲ್ಲಿದ್ದ ಇಲಿಗಳ ರಿಪಲ್‌ಗಳನ್ನಷ್ಟೇ ಆಗಿಂದಾಗ್ಗೆ ತಡೆದಾಗ ಅವು ಜಾಗದ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದವೆಂದು 2009ರ ಪ್ರಯೋಗವೊಂದು ತೋರಿಸಿತು. ಲಯ ಬರಿಯ ಸಹಚಾರಿಯಲ್ಲ, ಕಾರಣವೂ ಹೌದು ಎನ್ನಲು ಇಂಥ ಪುರಾವೆಯೇ ಬೇಕು.

ಎಚ್ಚರದ ಲಯಗಳ ವಿಷಯದಲ್ಲಿ ಅಷ್ಟು ಧೈರ್ಯ ಸಲ್ಲದು. ಒಂದೇ ತಾಳಕ್ಕೆ ಸೇರಿದ ಪ್ರದೇಶಗಳಷ್ಟೇ ಪರಸ್ಪರ ಚೆನ್ನಾಗಿ ಮಾತಾಡಬಲ್ಲವು ಎಂಬ ವಾದವನ್ನು ಪಾಸ್ಕಲ್ ಫ್ರೀಸ್ 2005ರಲ್ಲಿ ಬೆಳೆಸಿದ. 30 ಹರ್ಟ್ಸ್ ದಾಟಿದ ಗಾಮಾ ಲಯಕ್ಕೆ ಅದರಲ್ಲಿ ಮುಖ್ಯ ಸ್ಥಾನ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸುಪ್ರತಿಮ್ ರೇ, ಜಾನ್ ಮಾನ್ಸೆಲ್ ಜತೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತೊಡಕು ತಂದಿತು. ಕೋತಿಗಳ ದೃಷ್ಟಿ ಕಾರ್ಟೆಕ್ಸಿನಲ್ಲಿ ಗಾಮಾದ ವೇಗ ಚಿತ್ರದ ಕಾಂಟ್ರಾಸ್ಟಿಗೆ ತಕ್ಕಂತೆ ಬದಲಾಗುತ್ತಿತ್ತು. ಅಕ್ಕಪಕ್ಕದ ಜಾಗಗಳಲ್ಲೇ ಗತಿ ಬೇರೆಯಾದರೆ ತಾಳ ಕೂಡುವುದೆಂತು? ರೇ ಅವರ ತಂಡವೇ ಮುಂದೆ ಬೆಂಗಳೂರಿನ ಹಿರಿಯರಲ್ಲಿ ವಯಸ್ಸಿನೊಂದಿಗೆ ಈ ಲಯ ದುರ್ಬಲವಾಗುವುದನ್ನು 2020ರಲ್ಲಿ ವರದಿ ಮಾಡಿತು. ಸಂವಹನದ ಸಾಧನವಲ್ಲದಿದ್ದರೂ ಆರೋಗ್ಯದ ಸೂಚಕವಾಗಿ ಅದು ಉಪಯುಕ್ತವಾಗಬಹುದು.

ಹೊಂದಾಣಿಕೆ ಅತಿಯಾದರೂ ಕಾಯಿಲೆಯೇ. ಮಕ್ಕಳಲ್ಲಿ ಕೆಲವು ಸೆಕೆಂಡು ಪ್ರಜ್ಞೆ ತಪ್ಪಿಸುವ ಒಂದು ಬಗೆಯ ಮೂರ್ಛೆಯಲ್ಲಿ ಥಲಾಮಸ್ಸೂ ಕಾರ್ಟೆಕ್ಸೂ ಸುಮಾರು 3 ಹರ್ಟ್ಸ್‌ನ ಅಲೆಗೆ ಸಿಕ್ಕಿಬೀಳುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಡೋಪಮೀನ್ ಕುಸಿದು, ಆಳದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸಿನಲ್ಲಿ 13ರಿಂದ 30 ಹರ್ಟ್ಸ್‌ನ ಬೀಟಾ ಲಯ ಬಲಿಯುತ್ತದೆ. ಲೆವೊಡೋಪಾ ಔಷಧ ಅಥವಾ ಅದೇ ಜಾಗಕ್ಕೆ ಕೊಡುವ ವಿದ್ಯುತ್ ಪ್ರಚೋದನೆ ಅದನ್ನು ತಗ್ಗಿಸಿದಾಗ ಚಲನೆ ಸಲೀಸಾಗುತ್ತದೆ.