ಎಣ್ಮಕಜೆಯ ಸಾಕ್ಷ್ಯ: ಲೇಖನಿಯಿಂದ ಕ್ಯಾಮೆರಾದವರೆಗೆ

ಕಾಸರಗೋಡಿನ ಚರಿತ್ರೆಯೆಂದೊಡನೆ 1956ರ ರಾಜ್ಯ ಪುನರ್ವಿಂಗಡಣೆ, ಚಂದ್ರಗಿರಿ ಹೊಳೆ, ಮಹಾಜನ ವರದಿ, ಭಾಷಾ ಹಕ್ಕಿನ ಹೋರಾಟಗಳು ನಮ್ಮ ನೆನಪಿಗೆ ಬರುವುದು ಸಹಜ. ಇದೇ ನೆಲದ ಕನ್ನಡ, ತುಳು ಮನೆಮಾತಿನ ಹಳ್ಳಿಗಳಲ್ಲಿ ಇನ್ನೊಂದು ಚರಿತ್ರೆಯೂ ನಡೆದುಹೋಗಿದೆ. ಅದು ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಚರಿತ್ರೆ. ಅದನ್ನು ಹೊರಜಗತ್ತಿಗೆ ತಲುಪಿಸಿದವರಲ್ಲಿ ಸಾಕ್ಷ್ಯಚಿತ್ರಕಾರರೂ ಸೇರಿದ್ದಾರೆ. ಪರಿಸರ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಕ್ಯಾಮೆರಾ ಹಿಡಿಯುವವರ ಕಾಯಕಕ್ಕೆ ಇರುವ ಬಲವೇನು, ಮಿತಿಯೇನು ಎಂಬುದನ್ನು ನಮ್ಮ ಊರಿನ ನಿದರ್ಶನದಿಂದಲೇ ಪರಿಶೀಲಿಸಬಹುದು.

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ನೆಲೆಯೂರಿದ ಹೆಸರು ಸಾಕ್ಷ್ಯಚಿತ್ರ. ಸಾಕ್ಷಿ ಹೇಳುವವನಿಗೆ ಪಾಟೀಸವಾಲು ತಪ್ಪಿದ್ದಲ್ಲ. 1984ರ ಡಿಸೆಂಬರಿನ ಭೋಪಾಲ್ ಅನಿಲ ದುರಂತವನ್ನು ಕುರಿತು ತಪನ್ ಬೋಸ್, ಸುಹಾಸಿನಿ ಮುಳೆ ಮತ್ತು ಸಲೀಂ ಶೇಖ್ ರೂಪಿಸಿದ ‘ಭೋಪಾಲ್: ಬಿಯಾಂಡ್ ಜೆನೊಸೈಡ್’ ಚಿತ್ರಕ್ಕೆ ಸ್ವರ್ಣಕಮಲ ಪ್ರಶಸ್ತಿ ಬಂದಿತು. ಆದರೂ ಅದನ್ನು ಪ್ರಸಾರ ಮಾಡಲು ದೂರದರ್ಶನ ಒಪ್ಪಲಿಲ್ಲ. ವಿಷಯ ಹಳತಾಯಿತು, ಪರಿಹಾರದ ಪ್ರಶ್ನೆ ನ್ಯಾಯಾಲಯದಲ್ಲಿದೆ ಎಂಬಂತಹ ಕಾರಣಗಳನ್ನು ನೀಡಿತು. ಆ ಕಾರಣಗಳನ್ನು ಸುಪ್ರೀಂ ಕೋರ್ಟ್ 1992ರಲ್ಲಿ ತಳ್ಳಿಹಾಕಿತು. ಸರ್ಕಾರವನ್ನು ಟೀಕಿಸಿದೆ ಎಂಬುದು ಚಿತ್ರವನ್ನು ತಡೆಯಲು ಸಕಾರಣವಾಗದು ಎಂಬುದು ಆ ತೀರ್ಪಿನ ಸಾರ. ಅನಂತರದ ಸಾಕ್ಷ್ಯಚಿತ್ರಕಾರರಿಗೆ ಇದು ದೊರೆತ ದೊಡ್ಡ ಆಸರೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಗೇರುಹೂವನ್ನು ಬಾಡಿಸುವ ಟೀ ಸೊಳ್ಳೆ ಎಂಬ ಕೀಟದ ನಿಯಂತ್ರಣಕ್ಕಾಗಿ ಕೇರಳದ ಸರ್ಕಾರಿ ತೋಟಗಾರಿಕಾ ನಿಗಮವು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿತು. ತೋಟಗಳಿದ್ದುದು ಗುಡ್ಡಗಳ ಮೇಲೆ. ಮನೆ, ಶಾಲೆ, ಅಡಕೆ ತೋಟ, ತೋಡುಗಳಿದ್ದುದು ತಪ್ಪಲಿನಲ್ಲಿ. ಗುಡ್ಡವನ್ನು ಅಡ್ಡಕ್ಕೆ ಕೊರೆದು ಸುರಂಗದಿಂದ ನೀರು ಪಡೆಯುವ ನಮ್ಮ ಸೀಮೆಯಲ್ಲಿ ಗುಡ್ಡದ ಮೇಲೆ ಬಿದ್ದದ್ದು ಕುಡಿಯುವ ನೀರಿಗೆ ಬಾರದಿರುವುದೆಂತು? ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರಗಳ ಹೆಸರು ದೇಶಕ್ಕೆ ಪರಿಚಯವಾದುದು ಈ ದುಃಖದ ಮೂಲಕ.

ಆದರೆ ಮೊದಲು ಸಾಕ್ಷಿ ನುಡಿದದ್ದು ಕ್ಯಾಮೆರಾ ಅಲ್ಲ. ಪಡ್ರೆಯ ಕೃಷಿಕರೊಬ್ಬರ ಮನೆಯಲ್ಲಿ ಅಂಗವಿಕಲ ಕರುಗಳು ಹುಟ್ಟಿದ್ದನ್ನು ಕಂಡು, ಅದಕ್ಕೂ ಸಿಂಪಡಣೆಗೂ ನಂಟಿರಬಹುದೆಂದು 1979ರಷ್ಟು ಹಿಂದೆಯೇ ಬರೆದವರು ನಮ್ಮವರೇ ಆದ ಶ್ರೀ ಪಡ್ರೆ. ಅದೇ ಊರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕ್ಯಾನ್ಸರ್, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ನ್ಯೂನತೆಗಳ ಅಸಹಜ ಪ್ರಮಾಣವನ್ನು ಗುರುತಿಸಿ ಪ್ರಶ್ನಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಇಲ್ಲಿನ ಮಣ್ಣು, ನೀರು, ಮನುಷ್ಯರ ರಕ್ತಗಳಲ್ಲಿ ಕೀಟನಾಶಕದ ಶೇಷವನ್ನು ಪತ್ತೆಹಚ್ಚಿತು. ಈ ನಂಟನ್ನು ಒಪ್ಪದ ಸಮಿತಿಗಳೂ ಇದ್ದವು; ವಾದ ಪ್ರತಿವಾದಗಳು ವರ್ಷಗಟ್ಟಲೆ ನಡೆದವು.

ಕೆ.ಆರ್. ಮನೋಜ್ ಅವರ ‘ಎ ಪೆಸ್ಟರಿಂಗ್ ಜರ್ನಿ’ ಸಾಕ್ಷ್ಯಚಿತ್ರ ಸಿದ್ಧವಾದುದು 2010ರಲ್ಲಿ. ಆಗ ಹೆಲಿಕಾಪ್ಟರ್ ಹಾರಾಟ ನಿಂತು ಹತ್ತು ವರ್ಷ. ಸುರಿದ ವಿಷವನ್ನು ಆಗ ಚಿತ್ರೀಕರಿಸುವಂತಿರಲಿಲ್ಲ. ಉಳಿದಿದ್ದುದು ಜನರ ನೆನಪು, ಅವರ ದೇಹ, ಹಳೆಯ ಕಾಗದಪತ್ರ. ಕಾಣದುದನ್ನು ಕಾಣಿಸುವ ಈ ಕಷ್ಟವೇ ಪರಿಸರ ಸಾಕ್ಷ್ಯಚಿತ್ರಕಾರನ ನಿಜವಾದ ಪರೀಕ್ಷೆ. ಮನೋಜ್ ಕಾಸರಗೋಡಿನ ಗೇರುತೋಟವನ್ನು ಪಂಜಾಬಿನ ಹತ್ತಿಹೊಲಗಳೊಂದಿಗೆ ಜೋಡಿಸಿ ನೋಡಿದರು. ಹೀಗಾಗಿ ನಮ್ಮೂರಿನ ಸಂಕಟವು ಒಂದು ಮೂಲೆಯ ದುರದೃಷ್ಟವಾಗಿ ಉಳಿಯದೆ, ಇಡೀ ದೇಶದ ಕೃಷಿನೀತಿಯ ಪ್ರಶ್ನೆಯಾಯಿತು. ಚಿತ್ರಕ್ಕೆ ಅತ್ಯುತ್ತಮ ತನಿಖಾ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಂದಿತು.

ಚಿತ್ರವು ಕೆಲವೊಮ್ಮೆ ನೋವನ್ನು ನೋಟದ ವಸ್ತುವಾಗಿಸುವುದೂ ಉಂಟು. ಎಂಡೋಸಲ್ಫಾನ್ ಎಂದರೆ ಊದಿದ ತಲೆಯ ಮಗುವಿನ ಮುಖವೊಂದೇ ಹೊರಗಿನವರ ಕಣ್ಣಿಗೆ ಕಟ್ಟುವಂತಾಯಿತು. ಆ ಮಗುವನ್ನು ಎತ್ತಿಕೊಂಡ ತಾಯಿಯ ದಿನಚರಿ, ಸಿಂಪಡಣೆಗೆ ಅನುಮತಿ ಕೊಟ್ಟ ಕಡತ, ಎಚ್ಚರಿಕೆಯನ್ನು ಕೇಳದ ಕಚೇರಿ ಚೌಕಟ್ಟಿನ ಹೊರಗೆ ಉಳಿದರೆ ನೋಡುಗನಲ್ಲಿ ಕರುಣೆ ಹುಟ್ಟೀತು, ಪ್ರಶ್ನೆ ಹುಟ್ಟದು. 2015ರ ಮಲಯಾಳಂ ಕಥಾಚಿತ್ರ ‘ವಲಿಯ ಚಿರಕುಳ್ಳ ಪಕ್ಷಿಕಳ್’ನಲ್ಲಿ ನಿರ್ದೇಶಕ ಡಾ. ಬಿಜು ಛಾಯಾಗ್ರಾಹಕನೊಬ್ಬನನ್ನೇ ಕೇಂದ್ರದಲ್ಲಿಟ್ಟರು. ಚಿತ್ರ ತೆಗೆದವನಿಗೂ ಚಿತ್ರಕ್ಕೆ ಒಳಗಾದವರಿಗೂ ನಡುವಿನ ಋಣವನ್ನು ಆ ಮೂಲಕ ಕೇಳಬಹುದಾಯಿತು.

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮರುತಿಂಗಳು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಕರುಗಳ ಬಗ್ಗೆ ಬರೆದ ದಿನದಿಂದ ಲೆಕ್ಕ ಹಾಕಿದರೆ 32 ವರ್ಷ. 2017ರ ಜನವರಿಯಲ್ಲಿ ನ್ಯಾಯಾಲಯವು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕದಂತೆ 3,704 ಸಂತ್ರಸ್ತರ ಪೈಕಿ ಆ ಮೊತ್ತ ತಲುಪಿದ್ದುದು ಎಂಟು ಮಂದಿಗೆ ಮಾತ್ರ. ತೀರ್ಪು ಬಂದಲ್ಲಿಗೆ ಸಾಕ್ಷಿಯ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಮ್ಮ ಹಿರಿಯರು ತಾಳೆಗರಿ, ಶಾಸನ, ಐತಿಹ್ಯಗಳಲ್ಲಿ ಊರಿನ ನೆನಪನ್ನು ಕಾಪಿಟ್ಟರು. ಇಂದು ನಮ್ಮ ಮಕ್ಕಳ ಕೈಯ ಮೊಬೈಲಿನಲ್ಲಿಯೇ ಕ್ಯಾಮೆರಾ ಇದೆ. ಸಿಂಪಡಣೆಯ ಕಾಲವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಒಪ್ಪಿಗೆ ಪಡೆದು, ಅವರವರ ಮನೆಮಾತಿನಲ್ಲಿಯೇ, ಅವಸರವಿಲ್ಲದೆ ಅವರ ಮಾತನ್ನು ದಾಖಲಿಸುವ ಕಾರ್ಯವನ್ನು ನಮ್ಮ ಸಂಘಗಳೂ ಶಾಲೆಗಳೂ ಕೈಗೊಳ್ಳಬಹುದು. ಹೊರಗಿನ ಚಿತ್ರಕಾರ ಬಂದು ಹೋಗುತ್ತಾನೆ. ಕಾಗದ, ಧ್ವನಿ, ಚಿತ್ರಗಳನ್ನು ಕಾಯ್ದಿಡಬೇಕಾದವರು ಊರಲ್ಲಿ ಉಳಿಯುವ ನಾವು. ಸಾಹಿತ್ಯ ಸಮ್ಮೇಳನದ ಅಂಗಳದಲ್ಲಿ ಭಾಷೆಯ ಉಳಿವನ್ನು ಕುರಿತು ಚಿಂತಿಸುವಾಗ, ಆ ಭಾಷೆಯಲ್ಲಿ ಇನ್ನೂ ಹೇಳಬೇಕಾಗಿರುವ ಈ ಸಾಕ್ಷ್ಯವನ್ನೂ ನಾವು ಜತೆಗಿರಿಸಿಕೊಳ್ಳೋಣ.