ಗಳಿಗಿ ಬಟ್ಟಲ, ಡ್ರೈಯರ್ ಟೈಮರ್

ಗಡಿಯಾರ ಇಲ್ಲದ ಕಾಲದಾಗ ಲಗ್ನದ ಮುಹೂರ್ತ ನೋಡಾಕ ಗಳಿಗಿ ಬಟ್ಟಲ ಇಡತಿದ್ರು. ತಳಕ್ಕ ಸಣ್ಣ ತೂತು ಇದ್ದ ತಾಮ್ರದ ಬಟ್ಟಲ. ಹಂಡೆದ ನೀರಾಗ ತೇಲಿಬಿಟ್ರ ಸಾವಕಾಶ ತುಂಬಿ ಮುಳುಗತಿತ್ತು. ಮುಳುಗಿದ್ರ ಒಂದ ಗಳಿಗಿ, ಅಂದ್ರ 24 ನಿಮಿಷ. ಹಗಲು-ರಾತ್ರಿ ಕೂಡಿ 60 ಗಳಿಗಿ. ಬಟ್ಟಲ ಎಣಸತಿತ್ತು ಅಷ್ಟ. ಅದನ್ನ ಕಾಯ್ಕೊಂತ ಕುಂದ್ರಾಕ ಒಬ್ಬಾಂವ ಬೇಕಾಗತಿದ್ದ.

ಚಾವಿ ಗಡಿಯಾರ ಬಂದ ಮ್ಯಾಲ ನೀರಿನ ಕೆಲಸ ಸ್ಪ್ರಿಂಗಿಗೆ ಹೋತು. ನಮ್ಮ ಬೈಲಹೊಂಗಲದ ಮನ್ಯಾಗಿನ ಸೆಮಿ ಆಟೋಮೆಟಿಕ್ ಮಷೀನಿನ ಡ್ರೈಯರ್ ಟೈಮರ್‌ದಾಗೂ ಅದ ಸ್ಪ್ರಿಂಗು, ಹಲ್ಲಿನ ಗಾಲಿ. ಟಿಕ್‌ಟಿಕ್ ಅನ್ನಾಕ ಕರೆಂಟ್ ಬೇಕಾಗಿಲ್ಲ. ಆದ್ರ ಎಣಸೂದರ ಜೋಡಿ ಕಾಯೋ ಕೆಲಸಾನೂ ಅದರದ್ದ: ಹೊತ್ತು ಮುಗೀತಂದ್ರ ಮೋಟರಿನ ಕರೆಂಟ್ ಕಡೀತೈತಿ.

ಶ್ರಾವಣದ ಜಿಟಿಜಿಟಿ ಮಳ್ಯಾಗ ಡ್ರೈಯರ್ ನಿಂತಾಗ ಇದ ಉಪಯೋಗಕ್ಕ ಬಂತು ನೋಡ್ರಿ. ಗುಂಡಿ ತಿರುವಿದ್ರ ಟಿಕ್‌ಟಿಕ್ ಅಂತ ಸೊನ್ನಿಗೆ ಬರತಿತ್ತು, ಡ್ರಮ್ ತಿರುಗವಲ್ದು. ಎಣಸಾಂವ ಆರಾಮ ಅದಾನ, ಕಾಯಾಂವಗ ಜಡ್ಡಾಗೇತಿ ಅಂದ್ಕೊಂಡೆ. ಪ್ಲಗ್ ಕಿತ್ತು ಮೀಟರ್ ಹಚ್ಚಿದೆ. ಮುಚ್ಚಳದ ಸ್ವಿಚ್ ಸರಿ ಇತ್ತು. ಟೈಮರ್‌ನ ಕಾಂಟ್ಯಾಕ್ಟ್ ಮಾತ್ರ ಕೂಡತಿರಲಿಲ್ಲ. ಕರೆಂಟ್ ಕಡಿಯೋ ಹೊತ್ತಿಗೆಲ್ಲಾ ಕಿಡಿ ಹಾರಿ ಹಾರಿ ಕರ್ರಗಾಗಿದ್ವು. ಒರಸಿ ನಡಸೂದಕ್ಕಿಂತ ಅಂಥಾದ್ದ ಹೊಸದು ಹಾಕೂದು ಚಲೋ, ಹಾಕಿದೆ.