ಬಾಲಕರ ರಚನಾಭ್ಯಾಸ: ಕೂಲಿಮಠದಿಂದ ಕಮ್ಮಟದವರೆಗೆ

೧

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಮೊದಲಾಗಿ ಅನ್ನಪೂರ್ಣೇಶ್ವರಿ ನಗರ, ಕೆಂಗೇರಿಗಳವರೆಗೆ ಹಬ್ಬಿರುವ ಬಡಾವಣೆಗಳಲ್ಲಿ, ಬೇಸಗೆಯ ರಜೆ ಬಂದಿತೆಂದರೆ ಮಕ್ಕಳ ಶಿಬಿರಗಳು ನೆರೆಯುವುದು ಈಗ ವಾಡಿಕೆಯಾಗಿದೆ. ಚಿತ್ರ, ಸಂಗೀತ, ನಾಟಕಗಳ ಜೊತೆಗೆ ಕಥೆ, ಕವಿತೆ, ಪ್ರಬಂಧಗಳ ರಚನೆಯನ್ನು ಕಲಿಸುವ ಕೂಟಗಳೂ ಉಂಟು. ಇಂತಹ ಕೂಟಕ್ಕೆ ಕನ್ನಡದಲ್ಲಿ ‘ಕಮ್ಮಟ’ವೆಂಬ ಹೆಸರು ರೂಢವಾಗಿದೆ. ಬಳಕೆಯು ಹೊಸದಾದರೂ ಶಬ್ದವು ಹಳೆಯದು. ಕಮ್ಮಟವೆಂದರೆ ನಾಣ್ಯವನ್ನು ಒತ್ತುವ ಟಂಕಸಾಲೆ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಲೊಕ್ಕಿಗುಂಡಿಯು, ಎಂದರೆ ಗದಗ ಜಿಲ್ಲೆಯ ಇಂದಿನ ಲಕ್ಕುಂಡಿಯು, ತನ್ನ ಟಂಕಸಾಲೆಯಿಂದ ಪ್ರಸಿದ್ಧವಾಗಿದ್ದಿತು. ಲೋಹವನ್ನು ಕರಗಿಸಿ, ಅಚ್ಚಿಗೆ ಕೊಟ್ಟು, ಒಂದರಂತೆಯೇ ಮತ್ತೊಂದನ್ನು ಹೊರಡಿಸುವುದು ಕಮ್ಮಟದ ಕೆಲಸ. ಮಕ್ಕಳ ರಚನಾಭ್ಯಾಸಕ್ಕೆ ಈ ಹೆಸರು ಸಲ್ಲುವುದೇ, ಸಲ್ಲುವುದಾದರೆ ಯಾವ ಅರ್ಥದಲ್ಲಿ ಸಲ್ಲಬೇಕು ಎಂಬುದು ಬರಿಯ ಶಬ್ದವಿಚಾರವಲ್ಲ. ಕನ್ನಡ ನಾಡಿನಲ್ಲಿ ಬಾಲಕರಿಗೆ ಬರವಣಿಗೆಯನ್ನು ಕಲಿಸಿದ ರೀತಿಯ ಚರಿತ್ರೆಯನ್ನು ಪರಿಶೀಲಿಸಿದ ಹೊರತು ಇದಕ್ಕೆ ಉತ್ತರ ದೊರೆಯದು.

೨

ಮಕ್ಕಳ ವಾಕ್ಶಕ್ತಿಯನ್ನು ಕನ್ನಡದಲ್ಲಿ ಉಪಲಬ್ಧವಾಗಿರುವ ಮೊತ್ತಮೊದಲ ಗ್ರಂಥವೇ ಗುರುತಿಸಿದೆ. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ (೮೧೪–೮೭೮) ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು, ಈ ನಾಡಿನವರು ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೊಗಳಿರುವುದು ಸರ್ವವಿದಿತವಾಗಿದೆ. ಅದರ ಮುಂದಿನ ಮಾತಿಗೆ ಅಷ್ಟು ಪ್ರಚಾರವಿಲ್ಲ. ಎಳೆಯ ಮಕ್ಕಳೂ, ಮಾತು ಬಾರದವರೂ ಸಹ ವಿವೇಕವನ್ನು ತಿಳಿಯಪಡಿಸಬಲ್ಲರೆಂದು ಅಲ್ಲಿ ಹೇಳಿದೆ. ಇದರಲ್ಲಿ ನಾಡಿನ ಮೇಲಣ ಅಭಿಮಾನದ ಅತಿಶಯವಿರಬಹುದು. ಆದರೂ ಓದಿಗಿಂತ ಮೊದಲೇ ಹೇಳುವ ಶಕ್ತಿಯಿರುತ್ತದೆಂಬ ತತ್ತ್ವವು ಅದರಿಂದ ಸ್ಪಷ್ಟವಾಗುತ್ತದೆ.

ಈ ಶಕ್ತಿಯನ್ನು ಸಂಸ್ಕರಿಸುವ ಶಾಸ್ತ್ರವು ಸಂಸ್ಕೃತದಲ್ಲಿ ವಿಸ್ತಾರವಾಗಿ ಬೆಳೆಯಿತು. ಸಹಜವಾದ ಪ್ರತಿಭೆ, ನಿರ್ಮಲವಾದ ಬಹುಶ್ರುತ, ಎಡೆಬಿಡದ ಅಭ್ಯಾಸ, ಈ ಮೂರನ್ನೂ ಕಾವ್ಯಕ್ಕೆ ಕಾರಣವೆಂದು ಹೇಳಿದ ದಂಡಿಯು, ಪ್ರತಿಭೆಯಿಲ್ಲದವನೂ ಶ್ರುತ ಯತ್ನಗಳಿಂದ ವಾಗ್ದೇವಿಯನ್ನು ಸೇವಿಸಿದರೆ ಸ್ವಲ್ಪವಾದರೂ ಅನುಗ್ರಹವನ್ನು ಪಡೆಯುವನೆಂದು ಅಭಯವನ್ನು ಕೊಟ್ಟಿರುವನು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕವಿಕಂಠಾಭರಣದಲ್ಲಿ ಅಭ್ಯಾಸಕ್ರಮವನ್ನೇ ತೋರಿಸುತ್ತಾನೆ. ಹೊಸಬನು ಮೊದಲು ಅರ್ಥದ ಹೊರೆಯಿಲ್ಲದ ಪದಗಳಿಂದ ವೃತ್ತವನ್ನು ತುಂಬಿಸಬೇಕು. ಬಳಿಕ ಹಳೆಯ ಪದ್ಯದಲ್ಲಿ ಪದಗಳನ್ನು ಮಾರ್ಪಡಿಸಬೇಕು. ಸಮಸ್ಯೆಯನ್ನು ಪೂರಣ ಮಾಡಬೇಕು. ಇಷ್ಟೇ ಅಲ್ಲದೆ ಲೋಕಾಚಾರ, ಪ್ರಾಣಿಗಳ ಸ್ವಭಾವ, ಕಡಲು ಬೆಟ್ಟಗಳ ಸ್ಥಿತಿ, ಋತುಗಳ ಗತಿ ಇವುಗಳನ್ನು ಕಣ್ಣಾರೆ ಕಂಡು ಭಾವಿಸಬೇಕೆಂದೂ ಅವನು ವಿಧಿಸಿದ್ದಾನೆ.

ರಾಜಶೇಖರನ ಕಾವ್ಯಮೀಮಾಂಸೆಯಲ್ಲಿ ಕವಿಯ ಹತ್ತು ಅವಸ್ಥೆಗಳು ಉಕ್ತವಾಗಿವೆ. ಅವುಗಳಲ್ಲಿ ಮೊದಮೊದಲಿನವು ಶಿಕ್ಷಕನಾದವನು ಮನನ ಮಾಡತಕ್ಕವು. ಗುರುಕುಲದಲ್ಲಿ ಕಾವ್ಯವಿದ್ಯೆಯನ್ನು ಕಲಿಯುವವನು ಕಾವ್ಯವಿದ್ಯಾಸ್ನಾತಕ. ರಚಿಸಿದುದನ್ನು ಹೃದಯದಲ್ಲಿಯೇ ಬಚ್ಚಿಟ್ಟುಕೊಳ್ಳುವವನು ಹೃದಯಕವಿ. ದೋಷವನ್ನು ಎತ್ತಿಯಾರೆಂಬ ಭಯದಿಂದ ತನ್ನ ಪದ್ಯವನ್ನೇ ಪರರದೆಂದು ಹೇಳಿ ಓದುವವನು ಅನ್ಯಾಪದೇಶಿ. ಬರೆದ ಹಾಳೆಯನ್ನು ಪುಸ್ತಕದ ನಡುವೆ ಅಡಗಿಸಿಡುವ, ‘ಗೆಳತಿ ಬರೆದದ್ದು’ ಎಂದು ಹೇಳಿ ಒಪ್ಪಿಸುವ ಮಗುವನ್ನು ಕಂಡವರಿಗೆ, ಈ ವಿಭಾಗವು ಎಷ್ಟು ಸೂಕ್ಷ್ಮವಾದ ಅವಲೋಕನದಿಂದ ಹುಟ್ಟಿತೆಂಬುದು ಮನವರಿಕೆಯಾಗುತ್ತದೆ.

ಆದರೆ ಈ ಕವಿಶಿಕ್ಷೆಯು ವ್ಯಾಕರಣ, ಕೋಶ, ಛಂದಸ್ಸುಗಳನ್ನು ಆಗಲೇ ಓದಿಕೊಂಡವನಿಗೆ ಮೀಸಲಾಗಿದ್ದಿತು. ಕನ್ನಡದಲ್ಲಿಯೂ ನಾಗವರ್ಮನ ಛಂದೋಂಬುಧಿ, ಕೇಶಿರಾಜನ ಶಬ್ದಮಣಿದರ್ಪಣ ಮೊದಲಾದವು ಪ್ರೌಢರಿಗಾಗಿಯೇ ಹುಟ್ಟಿದವು.

೩

ಬಾಲಕರ ಪಾಲಿಗೆ ಇದ್ದುದು ಕೂಲಿಮಠ. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುವುದು, ಕಾಗುಣಿತ, ಮಗ್ಗಿ, ಲೆಕ್ಕ, ಅಮರಕೋಶ ಮತ್ತು ಜೈಮಿನಿ ಭಾರತಗಳ ಬಾಯಿಪಾಠ, ಇವು ಅಲ್ಲಿನ ವಿದ್ಯಾಕ್ರಮ. ಇದಕ್ಕೆ ಬೆಲೆಯುಳ್ಳ ಲಿಖಿತಸಾಕ್ಷ್ಯವೊಂದು ಉಳಿದಿದೆ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ನಡೆಸಿದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಒಂದು ವರದಿಯನ್ನು ಕಳುಹಿಸಿದನು. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ ೨೩೫ ಕನ್ನಡದವು. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನು ಅವನು ಮೆಚ್ಚಿಕೊಂಡಿದ್ದಾನೆ. ಅದರೊಂದಿಗೇ, ಹುಡುಗರು ಅಸಂಖ್ಯ ಪದ್ಯಗಳನ್ನು ಒಪ್ಪಿಸುತ್ತಾರಾದರೂ ಅವುಗಳ ಅರ್ಥವು ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆಂದು ಆಕ್ಷೇಪಿಸಿದ್ದಾನೆ.

ಈ ಆಕ್ಷೇಪವು ಅರ್ಧ ಸತ್ಯ. ಲಕ್ಷ್ಮೀಶನ ವಾರ್ಧಕ ಷಟ್ಪದಿಗಳನ್ನು ಬಾಲ್ಯದಲ್ಲಿ ನಾಲಗೆಯ ಮೇಲೆ ನಿಲ್ಲಿಸಿಕೊಂಡವನಿಗೆ ಕನ್ನಡದ ಲಯವೂ ಶಬ್ದಸಂಪತ್ತೂ ಆಜೀವ ಪರ್ಯಂತ ಒದಗಿಬಂದವು. ದಂಡಿಯ ಮಾತಿನಲ್ಲಿ ಹೇಳುವುದಾದರೆ ಕೂಲಿಮಠದಲ್ಲಿ ಶ್ರುತವು ಸಮೃದ್ಧವಾಗಿದ್ದಿತು. ಇಲ್ಲದೆ ಹೋದುದು ರಚನೆಯ ಅಭ್ಯಾಸ. ಮಗುವು ಸ್ವಂತವಾಗಿ ಒಂದು ವಾಕ್ಯವನ್ನು ಕಟ್ಟಬೇಕೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

೪

ಆ ಬೇಡಿಕೆಯು ಬಂದುದು ಹತ್ತೊಂಬತ್ತನೆಯ ಶತಮಾನದ ಹೊಸ ಶಾಲೆಗಳಿಂದ. ಮೈಸೂರು ಸಂಸ್ಥಾನದಲ್ಲಿ ೧೮೬೮ರಲ್ಲಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆಯು ಹೊರಟ ಮೇಲೆ ಹಳ್ಳಿಗಾಡಿಗೂ ಸರ್ಕಾರಿ ವಿದ್ಯಾಭ್ಯಾಸವು ಹರಡತೊಡಗಿತು. ಈ ಕಾಲದಲ್ಲಿ ಎರಡು ಶಬ್ದಗಳ ಅರ್ಥವೇ ಬದಲಾಯಿತು. ‘ಪ್ರಬಂಧ’ವೆಂದರೆ ಹಿಂದೆ ಒಂದು ಸಮಗ್ರ ಕೃತಿ, ‘ನಿಬಂಧ’ವೆಂದರೆ ಸ್ಮೃತಿಚಂದ್ರಿಕೆಯಂತಹ ಧರ್ಮಶಾಸ್ತ್ರಸಂಗ್ರಹ. ಈಗ ಎರಡೂ ಬಾಲಕನು ಒಂದೆರಡು ಪುಟಗಳಲ್ಲಿ ಬರೆಯುವ ಗದ್ಯಕ್ಕೆ ಹೆಸರಾದವು. ಪಂಡಿತರಿಗೆ ಮೀಸಲಾಗಿದ್ದ ರಚನೆಯು ಸಾಮಾನ್ಯ ಬಾಲಕರಿಗೂ, ಕ್ರಮೇಣ ಬಾಲಕಿಯರಿಗೂ ದೊರೆತದ್ದು ಈ ಅರ್ಥಸಂಕೋಚದಿಂದಾದ ದೊಡ್ಡ ಲಾಭ.

ನಷ್ಟವೂ ಉಂಟು. ಪರೀಕ್ಷೆಯು ಪ್ರಬಲವಾದಂತೆ ಹಸು, ಮಳೆಗಾಲ, ದೀಪಾವಳಿ ಎಂಬ ಗೊತ್ತಾದ ವಿಷಯಗಳೂ, ಅವಕ್ಕೆ ಗೊತ್ತಾದ ಪೀಠಿಕೆ ಉಪಸಂಹಾರಗಳೂ, ಮಾದರಿ ಪ್ರಬಂಧಗಳ ಪುಸ್ತಕಗಳೂ ಬಂದವು. ಮನೆಯಲ್ಲಿ ಕರುವಿನೊಡನೆ ಬೆಳೆದ ಹುಡುಗನೂ ಪುಸ್ತಕದ ಹಸುವನ್ನೇ ಬರೆದನು. ಕ್ಯಾಂಬೆಲ್ಲನ ಗಿಳಿಯು ಪದ್ಯವನ್ನು ಬಿಟ್ಟು ಗದ್ಯವನ್ನು ಕಲಿಯಿತು. ಮಠದ ಗಿಳಿಯ ಬಾಯಲ್ಲಿ ಲಕ್ಷ್ಮೀಶನ ಮಾತಾದರೂ ಇದ್ದಿತು. ಇದರ ಬಾಯಲ್ಲಿ ಇರುವುದು ಯಾರ ಮಾತೂ ಅಲ್ಲ.

೫

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೆಲವು ಮಹನೀಯರು ಈ ಕೊರತೆಯನ್ನು ಮನಗಂಡರು. ಶಾಲಾ ತನಿಖಾಧಿಕಾರಿಯಾಗಿ ಮಕ್ಕಳನ್ನು ಹತ್ತಿರದಿಂದ ಕಂಡ ಪಂಜೆ ಮಂಗೇಶರಾಯರು (೧೮೭೪–೧೯೩೭) ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ವು ೧೯೩೬ರಲ್ಲಿ ಹೊರಬಂದಿತು. ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಪರೀಕ್ಷೆಯ ನೆರಳಿಲ್ಲದೆ ಮಕ್ಕಳು ಕಲೆಯಲ್ಲಿ ತೊಡಗುವ ಎಡೆಯು ಹೀಗೆ ನಗರದಲ್ಲಿ ಏರ್ಪಟ್ಟಿತು. ಇಂದಿನ ಬಡಾವಣೆಗಳ ಬೇಸಗೆ ಶಿಬಿರಗಳಿಗೆ ಇದನ್ನೇ ಪೂರ್ವರೂಪವೆಂದು ಹೇಳಿದರೆ ತಪ್ಪಾಗಲಾರದು.

ಎಳೆಯರು ತಾವೇ ಕಟ್ಟಿಕೊಂಡ ಕಮ್ಮಟವೂ ಒಂದುಂಟು. ಅದು ಕೈಬರಹದ ಪತ್ರಿಕೆ. ಯು. ಆರ್. ಅನಂತಮೂರ್ತಿಯವರು ಬಾಲ್ಯದಲ್ಲಿ ಇಂತಹ ಪತ್ರಿಕೆಯ ಮೂಲಕವೇ ಬರವಣಿಗೆಗೆ ಇಳಿದವರು. ೨೦೧೪ರಲ್ಲಿ ಅವರ ಅಂತ್ಯಸಂಸ್ಕಾರವು ನಡೆದ ಕಲಾಗ್ರಾಮವು ಅನ್ನಪೂರ್ಣೇಶ್ವರಿ ನಗರಕ್ಕೆ ಸಮೀಪದ ಮಲ್ಲತ್ತಹಳ್ಳಿಯಲ್ಲಿದೆ. ಕವಿ ಜಿ. ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆ ನಡೆದುದೂ (೨೦೧೩) ಅಲ್ಲಿಯೇ.

ಭಾಷೆಯ ವಿಷಯದಲ್ಲಿ ಕುವೆಂಪು ಅವರ ದೃಷ್ಟಾಂತವು ವಿಚಾರಾರ್ಹವಾಗಿದೆ. ಅವರ ಮೊದಲ ಸಂಕಲನ ‘ಬಿಗಿನರ್ಸ್ ಮ್ಯೂಸ್’ (೧೯೨೨) ಇಂಗ್ಲಿಷಿನಲ್ಲಿ ಬಂದಿತು; ಅವರು ಆಗಿನ್ನೂ ವಿದ್ಯಾರ್ಥಿ. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವನಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯಬೇಕೆಂದು ಬುದ್ಧಿ ಹೇಳಿದರು. ಕಾಲು ಶತಮಾನದ ಮೇಲೆ, ೧೯೪೯ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾಯಿತು. ತಿದ್ದುವವನು ಹುಡುಗನ ವ್ಯಾಕರಣದೋಷವನ್ನು ಮಾತ್ರ ಎಣಿಸಿ ಕಳುಹಿಸಿದ್ದರೆ ಆದೀತಾಗಿದ್ದ ನಷ್ಟವನ್ನು ಊಹಿಸಬಹುದು.

೬

ಆ ಪ್ರಶ್ನೆಯು ಇಂದು ಒಬ್ಬ ಪ್ರತಿಭಾವಂತನದಲ್ಲ, ಬಡಾವಣೆ ಬಡಾವಣೆಗಳದಾಗಿದೆ. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಆಗಬೇಕೆಂದು ರಾಜ್ಯ ಸರ್ಕಾರವು ೧೯೯೪ರಲ್ಲಿ ಹೊರಡಿಸಿದ ಆಜ್ಞೆಯ ವಿಚಾರವಾಗಿ, ಮಾಧ್ಯಮವನ್ನು ಸರ್ಕಾರವು ಬಲವಂತವಾಗಿ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷದ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಕನ್ನಡವನ್ನು ಒಂದು ಭಾಷಾವಿಷಯವಾಗಿ ಎಲ್ಲ ಶಾಲೆಗಳಲ್ಲಿಯೂ ಕಡ್ಡಾಯ ಮಾಡಿತು. ಇದರ ಫಲವಾಗಿ, ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಇಂಗ್ಲಿಷಿನಿಂದ ಕಲಿಯುವ ಮಗುವಿಗೆ ಕನ್ನಡದ ಅಕ್ಷರವೂ ವ್ಯಾಕರಣವೂ ದೊರೆಯುತ್ತವೆ. ಆದರೆ ತನ್ನ ಅಜ್ಜಿಯ ಮಾತನ್ನೂ, ತನ್ನ ಬೀದಿಯ ಮಳೆಯನ್ನೂ, ತನ್ನ ಭಯವನ್ನೂ ಕನ್ನಡದಲ್ಲಿ ಬರೆಯುವ ಸಂದರ್ಭವು ಒಮ್ಮೆಯೂ ಒದಗದೆ ಅದು ಪ್ರೌಢಶಾಲೆಯನ್ನು ದಾಟಿಹೋಗಬಹುದು. ಆಡುವವರು ಎಷ್ಟು ಮಂದಿ ಇದ್ದರೂ, ತನ್ನನ್ನು ಹೇಳಿಕೊಳ್ಳಲು ಯಾವ ಮಗುವೂ ಬರೆಯದ ಭಾಷೆಯ ಸಾಹಿತ್ಯವು ಮುಂದಿನ ತಲೆಮಾರಿಗೆ ನಿಲ್ಲದು. ಶಾಸನವು ಕೊಡಲಾರದ ಆ ಸಂದರ್ಭವನ್ನು ಕೊಡುವುದೇ ಕಮ್ಮಟದ ಕಾರ್ಯ.

ಅದಕ್ಕೆ ಕ್ರಮವನ್ನು ಹೊರಗಿನಿಂದ ತರಬೇಕಾದುದಿಲ್ಲ. ಕ್ಷೇಮೇಂದ್ರನು ಹೇಳಿದಂತೆ ಮೊದಲು ಶಬ್ದದೊಡನೆ ಆಟ, ಬಳಿಕ ಕಣ್ಣಾರೆ ಕಂಡುದರ ವರ್ಣನೆ. ರಾಜಶೇಖರನು ಕಂಡಂತೆ ಹೃದಯಕವಿಯ ಸಂಕೋಚಕ್ಕೆ ಮರ್ಯಾದೆ. ಕೂಲಿಮಠದಂತೆ ಹಳೆಯ ಪದ್ಯಗಳ ಶ್ರುತ. ಹೊಸ ಶಾಲೆಯಂತೆ ಎಲ್ಲ ಮಕ್ಕಳಿಗೂ ಪ್ರವೇಶ. ದೋಷಗಳ ತಿದ್ದುಪಡಿಯು ಕೊನೆಗೆ.

ಇನ್ನು ಶಬ್ದವಿಚಾರ. ಟಂಕಸಾಲೆಯು ಚಿನ್ನವನ್ನು ಸೃಷ್ಟಿಸುವುದಿಲ್ಲ. ಕರಗಿಸಿ ಕಲ್ಮಷವನ್ನು ತೆಗೆಯುತ್ತದೆ, ಬಣ್ಣವನ್ನು ಪರೀಕ್ಷಿಸುತ್ತದೆ, ಕೊನೆಗೆ ಮುದ್ರೆಯನ್ನು ಒತ್ತುತ್ತದೆ. ಮಕ್ಕಳ ಕಮ್ಮಟದಲ್ಲಿಯೂ ಮೊದಲಿನ ಎರಡು ಕೆಲಸಗಳು ಗುರುವಿಗೆ ಸೇರಿದವು. ಮುದ್ರೆಯು ಮಗುವಿನದೇ ಆಗಿರತಕ್ಕದ್ದು.